ಬಾನಿಯೊಳಗೆ ಎಚ್ಚರಾದ ಕಡಲು

ಕಿಟಕಿಯಾಚೆಯ ಬೇವಿನ ಮರ ಇನ್ನೂ ಕಪ್ಪಗಿದೆ. ಕಾಲೇಜಿನ ಹಿಂಬದಿಯ ಕೋಣೆಯ ಬೀಗ ತೆಗೆದ ಮಾನಮ್ಮ ದೀಪ ಹಾಕುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಮಬ್ಬಿನಲ್ಲೇ ನಡೆದು, ಗಾಜಿನ ತೊಟ್ಟಿಗೆ ಹೊದಿಸಿದ ಹಳೇ ಇಳಕಲ್ ಸೀರೆಯ ತುಂಡನ್ನು ಎರಡೂ ಕೈಯಿಂದ ಸರಿಸುತ್ತಾರೆ. ಕೋಣೆಯ ತುಂಬ ಉಪ್ಪಿನ ವಾಸನೆ. ನೀರು ಅಲ್ಲಾಡದೆ ಮಲಗಿದೆ. ಅದರ ತಳದಲ್ಲಿ ಅಂಗೈಯಗಲದ, ಉಬ್ಬುತಗ್ಗಿನ ಕಡುಹಸಿರು ಪದರವೊಂದು ಬೆಳಕಿಗೆ ಕಾಯುತ್ತಿದೆ.

"ಈಗ ಲೈಟ್ ಹಚ್ಚಿದ್ರ ಅವಕ್ಕ ಗಾಬ್ರಿ ಆಗ್ತದ್ರೀ," ಎನ್ನುತ್ತಾರೆ ದನಿ ತಗ್ಗಿಸಿ. "ಸೂರ್ಯ ತಾನೇ ಬಂದು ಎಬ್ಬಸ್ಲಿ. ಅವಂದೂ ಇವುಂದೂ ಭಾಳ ಹಳೇ ಪರಿಚಯ ಅದ."

ಬೆಳಕು ಬರುತ್ತದೆ. ಮೊದಲು ಬೇವಿನ ತುದಿಗೆ, ಆಮೇಲೆ ಕಿಟಕಿಯ ಸರಳಿಗೆ, ಕೊನೆಗೆ ನೀರಿಗೆ. ಮಾನಮ್ಮ ತೊಟ್ಟಿಯ ಒಂದು ಬದಿಗೆ ಇಳಿಬಿಟ್ಟ ಮರದ ಹಲಗೆಯನ್ನು ಮೆಲ್ಲಗೆ ತಳ್ಳುತ್ತಾರೆ, ಮೆಲ್ಲಗೆ ಎಳೆಯುತ್ತಾರೆ. ನೀರು ಏಳುತ್ತದೆ, ಹಸಿರನ್ನು ಮುಚ್ಚುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಏಳುತ್ತದೆ. ಎತ್ತ ಹೋದರೂ ಕಡಲು ಒಂದು ರಾತ್ರಿಯ ಪಯಣದಷ್ಟು ದೂರವಿರುವ ಕಲಬುರಗಿಯಲ್ಲಿ ಹೀಗೆ ದಿನದ ಮೊದಲ ಅಲೆ ದಡ ಮುಟ್ಟುತ್ತದೆ. ಮೊದಲು ಈ ಕೆಲಸಕ್ಕೊಂದು ಪಂಪು ಇತ್ತು. ಉಪ್ಪು ಕಟ್ಟಿ ಅದು ಕೆಟ್ಟಿತು. ರಿಪೇರಿಯ ಮಾತು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಿರುಗುತ್ತಿರುವಾಗ ಮಾನಮ್ಮ ತಾವೇ ಹಲಗೆ ಹಿಡಿದು ನಿಂತರು. ಅಂದಿನಿಂದ ಬೆಳಿಗ್ಗೆ ಒಂದು ಹೊತ್ತು, ಇಳಿಹೊತ್ತಿಗೆ ಒಂದು ಹೊತ್ತು, ಈ ತೊಟ್ಟಿಯ ಅಲೆ ಅವರ ತೋಳಿನದೇ.

ತಳದ ಹಸಿರು ಪಾಚಿಯಂತೆ ಕಾಣುತ್ತದೆ. ಅದು ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಎಳೆ ಎಳೆಯಾಗಿ ಹೆಣೆದುಕೊಂಡು ನೇಯ್ದ ಚಾಪೆ. ಕಡಲು ನೆಲದೊಳಗೆ ನುಗ್ಗಿ ನಿಂತ, ಆಳವಿಲ್ಲದ ಉಪ್ಪು ಹಿನ್ನೀರುಗಳಲ್ಲಿ ಇವು ಬಾಳುತ್ತವೆ. ಕಡಲಿಗಿಂತಲೂ ಉಪ್ಪಾದ ಆ ನೀರಿಗೆ ಇವನ್ನು ಮೇಯುವ ಬಸವನಹುಳುಗಳು ಬರುವುದಿಲ್ಲ, ಹಾಗಾಗಿ ನೆಮ್ಮದಿ. ಬಿಸಿಲುಂಡು ಅಂಟು ಸುರಿಸುತ್ತವೆ. ಅಲೆ ಹೊತ್ತು ತಂದ ನಯವಾದ ಮರಳು, ಸುಣ್ಣದ ಪುಡಿ ಆ ಅಂಟಿಗೆ ಸಿಕ್ಕಿಬೀಳುತ್ತದೆ; ನೀರಲ್ಲಿ ಕರಗಿದ ಸುಣ್ಣವೂ ಅವುಗಳ ಸುತ್ತ ಹರಳುಗಟ್ಟುತ್ತದೆ. ಹೂತುಹೋಗುವ ಮೊದಲೇ ಜೀವಿಗಳು ಬೆಳಕನ್ನು ಹುಡುಕಿ ಮೇಲೆ ತೆವಳಿ ಹೊಸ ಚಾಪೆ ಹಾಸಿಕೊಳ್ಳುತ್ತವೆ. ಕೆಳಗುಳಿದದ್ದು ಒಂದು ಪದರ ಕಲ್ಲು. ಅದರ ಮೇಲೆ ಮತ್ತೊಂದು. ಉಗುರಿನ ದಪ್ಪ ಏರಲು ವರ್ಷವೇ ಬೇಕು. ಮೊಣಕಾಲೆತ್ತರದ ದಿಬ್ಬವಾಗಲು ಸಾವಿರ ವರ್ಷಕ್ಕೂ ಮಿಕ್ಕಿ.

ಮಾನಮ್ಮನ ಬಾಯಲ್ಲಿ ಇದೇ ಕತೆ ಬೇರೆ ಥರ. "ನಮ್ಮ ಮ್ಯಾಲ ಧೂಳ ಬಿದ್ರ ನಾವು ಝಾಡಸ್ತೀವಿ. ಇವು ಝಾಡಸಂಗಿಲ್ರೀ. ಅದೇ ಧೂಳನ್ನ ಹಾಸಗಿ ಮಾಡ್ಕೊಂಡು ಅದರ ಮ್ಯಾಲ ಏಳ್ತಾವ. ಎದ್ದು ಮತ್ತ ಮಲಗ್ತಾವ, ಮತ್ತ ಏಳ್ತಾವ. ಅಷ್ಟೇ ಅವುಗಳ ಸಂಸಾರ." ಹುಳುಗಳೇನು ಎಂದು ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. "ಹುಳಕ್ಕ ಬಾಯಿ ಇರ್ತದ. ಇವಕ್ಕ ಬಾಯೀನೇ ಇಲ್ಲ. ಬಿಸಿಲೇ ಊಟ."

ಅಲೆಯ ಕೆಲಸ ಮುಗಿದ ಮೇಲೆ ಧೂಳಿನ ಕೆಲಸ. ನಂದೂರಿನ ಕಲ್ಲು ಪಾಲಿಶ್ ಕಾರ್ಖಾನೆಯಿಂದ ತಂದ ಶಹಾಬಾದಿ ಕಲ್ಲಿನ ಪುಡಿಯನ್ನು ತೊಳೆದು, ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಹಾಕಿ ನೀರಿನ ಮೇಲೆ ತಟ್ಟುತ್ತಾರೆ. ಪುಡಿ ಬೀಳುವುದಿಲ್ಲ, ಬೆಳಕಿನ ಕೋಲಿನಲ್ಲಿ ತೇಲುತ್ತ, ಸುತ್ತುತ್ತ, ಬಹಳ ಹೊತ್ತು ಇಳಿಯುತ್ತಲೇ ಇರುತ್ತದೆ. ಇಳಿದು ಮುಗಿಯುವ ತನಕ ಮಾನಮ್ಮ ಅಲ್ಲಾಡುವುದಿಲ್ಲ. ಆಮೇಲೆ ಹಿಂದಿನ ದಿನದ ಬಿಸಿಲು ಕುಡಿದಷ್ಟು ಸಿಹಿನೀರನ್ನು ಗಾಜಿನ ಗೋಡೆಯ ಮೇಲಿನ ಕೆಂಪು ಗೆರೆಯವರೆಗೆ ತುಂಬಿಸುತ್ತಾರೆ. ಚಳಿಗಾಲದಲ್ಲಿ ಒಂದು ತಂಬಿಗೆ ಸಾಕು. ಬೇಸಿಗೆಯ ಕಲಬುರಗಿ ಒಂದು ಕೊಡ ಕೇಳುತ್ತದೆ. ಉಪ್ಪು ಹಾಕುವ ಹಾಗಿಲ್ಲ. ಬಿಸಿಲು ಒಯ್ಯುವುದು ನೀರನ್ನಷ್ಟೇ.

ಮಾನಮ್ಮ ಕಮಲಾಪುರದವರು. ಕೆಂಪು ಮಣ್ಣಿನ, ಕೆಂಪು ಬಾಳೆಯ ಊರು ಅದು. ಗಂಡ ಗುರುಲಿಂಗಪ್ಪ ಅಲ್ಲಿನ ತೋಟಗಳಲ್ಲಿ ಬಾಳೆಗೊನೆ ಕಡಿದು ಹೊರುತ್ತಾರೆ. ಮದುವೆಯಾಗಿ ಕೆಲ ವರ್ಷಕ್ಕೆ ಮಾನಮ್ಮ ನಂದೂರಿನ ಪಾಲಿಶ್ ಕಾರ್ಖಾನೆ ಸೇರಿದರು; ಈಗ ಅದನ್ನು ನೋಡಿಕೊಳ್ಳುವವರು ಅಬ್ರಾರ್, ಆಗ ನಡೆಸುತ್ತಿದ್ದವರು ಅವರ ತಂದೆ. ಮೊಣಕಾಲುದ್ದ ಬೂದುನೀರಿನಲ್ಲಿ ನಿಂತು, ಮಶಿನ್ನಿನಿಂದ ಬಂದ ಫರ್ಸಿಯನ್ನು, ಅಂದರೆ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲನ್ನು, ತೊಳೆದು ಜೋಡಿಸುವ ಕೆಲಸ. ಬೆರಳ ತುದಿಗಳು ಸವೆದು ರೇಖೆಗಳೇ ಅಳಿಸಿಹೋದವು. ಇವತ್ತಿಗೂ ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಮನೆಮನೆಗೆ ಟೈಲ್ಸ್ ಬಂದು ಫರ್ಸಿಯನ್ನು ಮೂಲೆಗೆ ತಳ್ಳಿದಾಗ ಕಾರ್ಖಾನೆಯಲ್ಲಿ ಆಳುಗಳು ಕಡಿಮೆಯಾದರು. ಮಾನಮ್ಮ ಕಾಲೇಜಿಗೆ ಕಸಗುಡಿಸುವ ಗುತ್ತಿಗೆಯ ಮೇಲೆ ಬಂದರು. ಆ ಕೆಲಸ ಇಂದಿಗೂ ಕಾಯಂ ಆಗಿಲ್ಲ. ಊರಿನ ಮೊದಲ ಬಸ್ಸಿಗೆ ಬರುವುದು, ದೀಪ ಹತ್ತುವ ಹೊತ್ತಿಗೆ ಮರಳುವುದು.

ಕಡಲಿನ ಚಾಪೆಯನ್ನು ಕಾಲೇಜಿಗೆ ತಂದವರು ಭೂವಿಜ್ಞಾನದ ಅಧ್ಯಾಪಕಿ ಮಂಜುಷಾ. ಜೇವರ್ಗಿ ಕಾಲೋನಿಯವರು, ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ. ಪೂರ್ವ ಕರಾವಳಿಯ ಒಂದು ಹಿನ್ನೀರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಅನುಮತಿ ಪಡೆದು ಕೊಯ್ದ ಅಂಗೈಯಗಲದ ತುಂಡುಗಳನ್ನು ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದಿದ್ದರು. ಅವಕ್ಕೆ ಉಣಿಸಲು ನಯವಾದ ಸುಣ್ಣಕಲ್ಲಿನ ಪುಡಿ ಎಲ್ಲಿ ಸಿಕ್ಕೀತು ಎಂದು ಒಂದು ದಿನ ಅವರು ಯಾರನ್ನೋ ಕೇಳುತ್ತಿದ್ದರು. ಅಲ್ಲೇ ಗುಡಿಸುತ್ತಿದ್ದ ಮಾನಮ್ಮ ತಲೆಯೆತ್ತಿ, "ಆ ಪುಡಿ ನಾ ಹೊಟ್ಟಿ ತುಂಬ ಕುಡದೀನ್ರಿ ಮೇಡಂ, ನಾಳೆ ತರ್ತೀನಿ" ಎಂದರು. ಮರುದಿನ ತಂದೂ ಬಿಟ್ಟರು.

ಪುಡಿಯ ಗಂಟು ಬಿಚ್ಚುತ್ತ ಮಂಜುಷಾ ಹೇಳಿದ ಮಾತು ಮಾನಮ್ಮನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. "ಮಾನಮ್ಮ, ನೀವು ಇಷ್ಟು ವರ್ಷ ತೊಳೆದಿರಲ್ಲ ಆ ಫರ್ಸಿ, ಅದು ಸಮುದ್ರದ ತಳಾನೇ. ಪ್ರಾಣಿ ಪಕ್ಷಿ ಹುಟ್ಟೋಕಿಂತ ಮೊದಲು ಈ ಕಡೆ ಎಲ್ಲ ಮೊಣಕಾಲುದ್ದ, ಎದೆಯುದ್ದ ನೀರಿತ್ತು. ನಾವು ಉಸಿರಾಡೋ ಗಾಳಿ ಇದೆಯಲ್ಲ, ಅದನ್ನ ಜಗತ್ತಿಗೆ ಮೊದಲು ತುಂಬಿದವೂ ಇಂಥಾ ಜೀವಗಳೇ."

ಅವತ್ತು ಸಂಜೆ ಹುಮನಾಬಾದ್ ರಸ್ತೆಯ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತ ಮಾನಮ್ಮನಿಗೆ ಎಂದಿನ ತೊಗರಿ ಹೊಲ ಎಂದಿನಂತೆ ಕಾಣಲಿಲ್ಲ. ಗಾಳಿಗೆ ಅದು ಏಳುತ್ತಿತ್ತು, ಬೀಳುತ್ತಿತ್ತು. ಕಮಲಾಪುರದ ಗುಡ್ಡಗಳು ನಡುನೀರಿನಲ್ಲಿ ನಿಂತಂತಿದ್ದವು. ಬಸ್ಸು ಸದ್ದಿಲ್ಲದೆ ತೇಲುತ್ತಿತ್ತು. "ಕಂಡಕ್ಟರ್ ಬಂದು ಇಳೀರಿ ಅಂದಾಗ, ಕಾಲಿಡೂಕಿಂತ ಮೊದಲ ಒಂದೀಟು ಸೀರಿ ಎತ್ತಿ ಹಿಡ್ಕೊಂಡೆ," ಎಂದು ನಗುತ್ತಾರೆ. "ಒದ್ದಿ ಆಗ್ತದಂತ."

ಹಾಗೆ ಶುರುವಾದ ನಂಟು. ಗುಡಿಸುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅವರು ಆ ಕೋಣೆಗೆ ಬರತೊಡಗಿದರು. ನಡುಹಗಲಿಗೆ ಬಿಸಿಲು ನೆತ್ತಿಗೇರಿದಾಗ ಚಾಪೆಯ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೂಡುತ್ತವೆ. ಒಂದೊಂದಾಗಿ ಬಿಡಿಸಿಕೊಂಡು ಮೇಲೇರುತ್ತವೆ. ಮಾನಮ್ಮ ಬುತ್ತಿ ಬಿಚ್ಚುವುದು ಆ ಹೊತ್ತಿಗೇ. ರೊಟ್ಟಿ, ಶೇಂಗಾ ಹಿಂಡಿ, ಮತ್ತು ಎದುರಿಗೆ ಸದ್ದಿಲ್ಲದ ಆ ಉಸಿರು. ವರ್ಷಗಳು ಹಾಗೇ ಹೋದವು. ಚಾಪೆಯ ಅಡಿಯಲ್ಲಿ ಬಿಳಿಯ ಗೆರೆಗಳು ಉಳ್ಳಾಗಡ್ಡಿಯ ಹೋಳಿನಂತೆ ಒಂದರ ಮೇಲೊಂದು ಕೂತವು.

ಕಳೆದ ವರ್ಷ ಶಿವರಾತ್ರಿಗೆ ಮಾನಮ್ಮ ರಜೆ ಹಾಕಿದರು. ಅದೇ ವಾರ ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತು. ಹಬ್ಬ ಮುಗಿಸಿ ಬಂದು ಬೀಗ ತೆಗೆದರೆ ಉಪ್ಪಿನ ವಾಸನೆ ಇರಲಿಲ್ಲ. ಮೂಗು ಸುಡುವ ಬೇರೆ ವಾಸನೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರೊಳಗೆ ತಿಳಿನೀರು, ಬೇರೇನೂ ಇಲ್ಲ. ಸ್ವಚ್ಛತೆಯ ಮೇಲ್ವಿಚಾರಕ ಮಹಾದೇವ ಹಿಂದಿನಿಂದ ಬಂದರು, ಮುಖದ ತುಂಬ ನಗು.

"ಬಾ ಮಾನವ್ವ. ನಿನ್ನ ಕೆಲಸಾನೂ ನಾನೇ ಮುಗಿಸೀನಿ. ಎಷ್ಟು ವರ್ಷದ ಹೊಲಸೋ ಏನೋ, ಬ್ಲೀಚಿಂಗ್ ಪುಡಿ ಹಾಕಿ ಗಸಗಸ ತಿಕ್ಕೀನಿ. ನೋಡು, ಹೆಂಗ ಹೊಳಿಲಾಕತ್ತದ."

"ಅದರಾಗ ಇದ್ದದ್ದು ಎಲ್ಲಿ ಚೆಲ್ಲಿದಿ?"

"ಗಟಾರಕ್ಕ."

ಮಾನಮ್ಮ ಹಿತ್ತಲ ಗಟಾರದ ಹತ್ತಿರ ಕೂತು ಕೈಯಿಂದ ಕೆದಕಿದರು. ಸಿಕ್ಕದ್ದು ಬೆಳ್ಳಗೆ ಸುಣ್ಣದಂತೆ ಪುಡಿಯಾಗುವ ಚೂರುಗಳು. ಹಸಿರು ಎಲ್ಲೂ ಇರಲಿಲ್ಲ. ಮಹಾದೇವ ಏನಾಯಿತೆಂದು ತಿಳಿಯದೆ ಪಕ್ಕದಲ್ಲೇ ನಿಂತಿದ್ದರು. ತಿಳಿದ ಮೇಲೆ ಅವರೂ ಕೂತುಬಿಟ್ಟರು. ಬೈಯಬೇಕು ಅನಿಸಲಿಲ್ಲವೇ ಎಂದರೆ ಮಾನಮ್ಮ ತಲೆಯಲ್ಲಾಡಿಸುತ್ತಾರೆ. "ಯಾರಿಗಿ ಬೈಲಿ? ಅವ ಸ್ವಚ್ಛ ಮಾಡೋ ಮನಷ್ಯಾ, ಸ್ವಚ್ಛ ಮಾಡ್ಯಾನ. ನಾನೂ ಮೊದಲನೇ ದಿನ ಅದನ್ನ ಹೊಲಸಂತನೇ ತಿಳ್ಕೊಂಡಿದ್ದೆ."

ಮಂಜುಷಾ ಅವತ್ತು ಕಾಲೇಜಿಗೆ ಬಂದಿರಲಿಲ್ಲ. ಜೇವರ್ಗಿ ಕಾಲೋನಿಯ ಅವರ ಮನೆಗೆ ಮಾನಮ್ಮ ಆಟೋ ಹತ್ತಲಿಲ್ಲ, ನಡೆದೇ ಹೋದರು. ಸುದ್ದಿ ಹೇಳುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದು ಅನಿಸಿತ್ತಂತೆ. ಮಂಜುಷಾ ಕೇಳಿಸಿಕೊಂಡು ಮನೆಯ ಮೆಟ್ಟಿಲ ಮೇಲೆ ಕೂತರು. "ಮತ್ತ ತರಲಿಕ್ಕೆ ಆಗೂದಿಲ್ಲ ಮಾನಮ್ಮ," ಎಂದರು. "ನಾನು ಕೊಯ್ದು ತಂದ ಆ ಜಾಗಾನೇ ಈಗ ಇಲ್ಲ. ಒಡ್ಡು ಹಾಕಿ ಸಿಗಡಿ ಹೊಂಡ ಮಾಡ್ಯಾರ."

ಆಗ ಮಾನಮ್ಮನಿಗೆ ತಮ್ಮ ಮನೆಯ ದೇವರ ಗೂಡು ನೆನಪಾಯಿತು.

ಕೆಲವು ಬೇಸಿಗೆಗಳ ಹಿಂದೆ ತೊಟ್ಟಿಯ ಪಕ್ಕದ ಒಂದು ತಾಟಿನಲ್ಲಿ ನೀರು ಆರಿ, ಅದರಲ್ಲಿದ್ದ ಚಾಪೆಯ ತುಂಡು ಹಪ್ಪಳದಂತೆ ಒಣಗಿ ಸುರುಟಿಕೊಂಡಿತ್ತು. ಎಸೆಯಲು ಮನಸ್ಸಾಗದೆ ಮಾನಮ್ಮ ಮಂಜುಷಾ ಅವರನ್ನು ಕೇಳಿ ಮನೆಗೆ ಒಯ್ದಿದ್ದರು. ಗೂಡಿನಲ್ಲಿ ಇಟ್ಟದ್ದೇ ತಪ್ಪಾಯಿತು. ಗುರುಲಿಂಗಪ್ಪ ಅದನ್ನು ಯಾವುದೋ ಕ್ಷೇತ್ರದ ಕಲ್ಲೆಂದು ತಿಳಿದು ದಿನಾ ವಿಭೂತಿ ಹಚ್ಚುತ್ತಿದ್ದರು.

"ಒಣಗಿದ್ದು ಎಲ್ಲಾ ಸತ್ತಿರೂದಿಲ್ಲ," ಎಂದರು ಮಂಜುಷಾ, ಎದ್ದು ನಿಂತು. "ಕೆಲವು ನಿದ್ದಿ ಹೋಗ್ತಾವ. ವರ್ಷಾನುಗಟ್ಟಲೆ. ಎಬ್ಬಿಸಿದ್ರ ಏಳಬಹುದು, ಏಳದೇನೂ ಇರಬಹುದು. ನನಗೂ ಗೊತ್ತಿಲ್ಲ ಮಾನಮ್ಮ. ನೋಡೋಣ."

ಅದೇ ಮಧ್ಯಾಹ್ನ ಇಬ್ಬರೂ ಕಮಲಾಪುರಕ್ಕೆ ಹೋದರು. ಮಂಜುಷಾ ಒಂದು ಮೃದು ಕುಂಚದಿಂದ ವಿಭೂತಿ ಬಿಡಿಸುತ್ತಿದ್ದರೆ ಗುರುಲಿಂಗಪ್ಪ ಕಂಬಕ್ಕೊರಗಿ ನೋಡುತ್ತಿದ್ದರು. "ನೀರಾಗ ಬಿಡ್ತೀರೇನ್ರಿ ಮೇಡಂ? ಗಣಪತಿ ಹಬ್ಬ ಇನ್ನೂ ದೂರ ಅದಲ್ರೀ," ಎಂದರು. ಅವತ್ತಿಡೀ ದಿನದಲ್ಲಿ ಮಂಜುಷಾ ನಕ್ಕದ್ದು ಅದೊಂದೇ ಸಲ.

ಕಾಲೇಜಿನ ಕೋಣೆ ಅಷ್ಟರಲ್ಲಿ ಮುರಿದ ಕುರ್ಚಿಗಳ ಪಾಲಾಗಿತ್ತು. ಮಾನಮ್ಮನನ್ನು ಹಾಸ್ಟೆಲ್ ಗುಡಿಸಲು ಹಾಕಿದರು. ಹಾಗಾಗಿ ಎಚ್ಚರಿಸುವ ಕೆಲಸ ಊರಿನ ಅಂಗಳಕ್ಕೇ ಬಂತು. ಅಬ್ರಾರ್ ತಮ್ಮ ಕಾರ್ಖಾನೆಯಲ್ಲಿ ಬಿದ್ದಿದ್ದ ಶಹಾಬಾದಿ ಕಲ್ಲಿನ ಬಾನಿಯೊಂದನ್ನು ಲಗೇಜ್ ಆಟೋದಲ್ಲಿ ತಂದಿಳಿಸಿದರು. "ದನಕ್ಕ ನೀರ್ ಕುಡಸೋ ಬಾನಿ, ಮೂಲ್ಯಾಗ ಬೇಕಾರ್ ಬಿದ್ದಿತ್ತು. ಇದರಾಗ ದರಿಯಾ, ಅಂದ್ರ ನಿಮ್ಮ ಸಮುದ್ರ, ಹೆಂಗ ಕೂಡ್ತದ, ಅದು ನಿಮಗ, ಮ್ಯಾಡಂಗ ಗೊತ್ತು," ಎಂದು ನಕ್ಕು ಹೋದರು. ಮಂಜುಷಾ ಉಪ್ಪುನೀರು ಹದ ಮಾಡಿದರು. ಒಣ ತುಂಡು ಬಾನಿಯ ತಳಕ್ಕೆ ಇಳಿಯಿತು. ಕಂದು ಬಣ್ಣ, ಸತ್ತ ಎಲೆಯಂತೆ.

ಅಲ್ಲಿಂದ ಶುರುವಾಯಿತು ಕಾಯುವುದು. ಆ ಬೇಸಿಗೆ ಬಿಸಿಲು ಕಲ್ಲೊಡೆಯುವಂತಿತ್ತು. ಗುರುಲಿಂಗಪ್ಪ ದಿನಾ ತೋಟದಿಂದ ಒಂದು ಬಾಳೆಲೆ ತಂದು ಬಾನಿಗೆ ನೆರಳು ಕಟ್ಟುತ್ತಿದ್ದರು. ಮಾನಮ್ಮ ಬೆಳಿಗ್ಗೆ ಬಸ್ಸಿಗೆ ಮುಂಚೆ ಕೈಯಿಂದ ನೀರು ಅಲುಗಿಸುತ್ತಿದ್ದರು, ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಬಗ್ಗಿ ನೋಡುತ್ತಿದ್ದರು. ವಾರಗಳು ಹೋದವು. ಕಂದು ಕಂದಾಗಿಯೇ ಇತ್ತು. ಊಟಕ್ಕೆ ಕೂತಾಗ, ಬಸ್ಸಿನಲ್ಲಿ ತೂಕಡಿಸುವಾಗ, ಹಾಸ್ಟೆಲ್ಲಿನ ಉದ್ದನೆಯ ಮೊಗಸಾಲೆ ಗುಡಿಸುವಾಗಲೂ ಅವರ ಕಣ್ಣ ಮುಂದೆ ಒಂದು ಹಸಿರು ನೀರು ಏರಿ ಇಳಿಯುತ್ತಿತ್ತು.

ಒಂದು ದಿನ ಆಶಾ ಕಾರ್ಯಕರ್ತೆ ಶೇವಂತಾ ಡೆಂಗಿ ಸಮೀಕ್ಷೆಗೆಂದು ಅಂಗಳಕ್ಕೆ ಬಂದರು. ನಿಂತ ನೀರು ಕಂಡರೆ ಚೆಲ್ಲಿಸುವುದು ಅವರ ಕೆಲಸ. ಬಾನಿಯ ಅಂಚಿಗೆ ಕೈ ಹಾಕಿದ್ದೇ ತಡ, ಮಾನಮ್ಮ ಒಳಗಿನಿಂದ ಓಡಿ ಬಂದರು.

"ಚೆಲ್ಲಬ್ಯಾಡವ್ವ, ನಿನ್ನ ಕೈ ಮುಗೀತೀನಿ. ಅದರಾಗ ಜೀವ ಅವ."

"ಜೀವ ಅವಂತನೇ ಚೆಲ್ಲಬೇಕಲ್ಲ ಕಾಕೂ!"

"ಸೊಳ್ಳಿ ಅಲ್ಲ. ನಾಲಿಗಿಗಿ ಹಚ್ಚಿ ನೋಡು, ಉಪ್ಪು. ಉಪ್ಪಿನಕಾಯ್ಯಾಗ ಸೊಳ್ಳಿ ಮರಿ ಮಾಡ್ತದೇನು?"

ಶೇವಂತಾ ಬೆರಳದ್ದಿ ರುಚಿ ನೋಡಿ ಮುಖ ಕಿವುಚಿದರು. ಟಾರ್ಚ್ ಬಿಟ್ಟು ಮೂಲೆಮೂಲೆ ಹುಡುಕಿದರು. ಒಂದೂ ಮರಿ ಇರಲಿಲ್ಲ. ಗೋಡೆಯ ಮೇಲೆ ಗುರುತು ಹಾಕಿ, "ಏನ್ ಸಾಕ್ಲಾಕತ್ತೀ ಕಾಕೂ, ನಮಗೂ ಒಂದಿನ ತೋರಿಸು," ಎಂದು ಮುಂದಿನ ಮನೆಗೆ ಹೋದರು.

ತೋರಿಸುವಂಥದ್ದು ಏನೂ ಇರಲಿಲ್ಲ. ಮಂಜುಷಾ ಫೋನಿನಲ್ಲಿ ಕೇಳುವುದನ್ನೂ ಕಡಿಮೆ ಮಾಡಿದ್ದರು. ಕೇಳಿದರೆ ಮಾನಮ್ಮನಿಗೆ ಇಲ್ಲ ಅನ್ನಬೇಕಾಗುತ್ತದಲ್ಲ ಎಂದು. ಕಾರಹುಣ್ಣಿಮೆಯ ಆಸುಪಾಸು, ಒಂದು ಮಳೆ ಬಿದ್ದು ಬಿಟ್ಟ ರವಿವಾರ, ಮಾನಮ್ಮ ಬಾನಿಯ ಪಕ್ಕ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಮೋಡ ಸರಿದು ಬಿಸಿಲು ನೀರಿಗೆ ಬಿತ್ತು. ಕಂದು ತುಂಡಿನ ಅಂಚಿನಲ್ಲಿ ಏನೋ ಮಿಂಚಿತು. ಬೇಳೆಯ ಮೊರ ಕೆಳಗಿಟ್ಟರು. ಬಗ್ಗಿದರು. ಅಂಚಿಗೆ ಒಂದು ಗುಳ್ಳೆ ಅಂಟಿಕೊಂಡಿತ್ತು. ಅವರು ನೋಡುತ್ತಿರುವಾಗಲೇ ಅದು ಬಿಡಿಸಿಕೊಂಡು ಮೇಲೆ ಬಂತು, ಒಡೆಯಿತು. ಆ ಜಾಗದಲ್ಲಿ ಎಳ್ಳಿನಷ್ಟು ಹಸಿರು.

"ಇನ್ನೊಂದು ಏಳ್ತದೇನಂತ ಉಸಿರು ಹಿಡ್ಕೊಂಡು ಕೂತೆ. ಎದ್ದಿತು. ಮತ್ತೊಂದು ಎದ್ದಿತು." ಆಮೇಲೆ ಫೋನು ಹಚ್ಚಿದರು. ಆ ಕಡೆ ಮಂಜುಷಾ ಹಲೋ ಅನ್ನುವ ಮೊದಲೇ ಅವರ ಬಾಯಿಂದ ಬಂದದ್ದು ಒಂದೇ ಮಾತು: "ಮೇಡಂ, ಉಸರಾಡ್ಲಾಕತ್ತಾವ."

ಮಂಜುಷಾ ಸಂಜೆಯೊಳಗೆ ಕಮಲಾಪುರದಲ್ಲಿದ್ದರು. ಇಬ್ಬರೂ ಬಾನಿಯ ಆಚೀಚೆ ಕೂತರು. ಗುರುಲಿಂಗಪ್ಪ ಎರಡು ಸಲ ಚಹಾ ತಂದಿಟ್ಟರು, ಎರಡು ಸಲವೂ ಅದು ಆರಿಹೋಯಿತು. ಬೆಳಕು ಇಳಿದು ಗುಳ್ಳೆಗಳು ನಿಲ್ಲುವವರೆಗೂ ಇಬ್ಬರೂ ಏಳಲಿಲ್ಲ.

ದೀಪಾವಳಿಯ ಹೊತ್ತಿಗೆ ಹಸಿರು ಅಂಗೈಯಗಲ ಹಬ್ಬಿತು. ಮಂಜುಷಾ ಅದರ ಫೋಟೋ ಹಿಡಿದು ಪ್ರಾಂಶುಪಾಲರ ಬೆನ್ನುಬಿದ್ದರು. ಕುರ್ಚಿಗಳು ಬೇರೆ ಕೋಣೆಗೆ ಹೋದವು. ಅರ್ಧ ಚಾಪೆ ಕಲಬುರಗಿಗೆ ಮರಳಿತು, ಅದರ ಜೊತೆಗೆ ಮಾನಮ್ಮನೂ. ಇನ್ನರ್ಧ ಕಮಲಾಪುರದ ಬಾನಿಯಲ್ಲೇ ಇದೆ. ಎರಡು ಕಡೆ ಇದ್ದರೆ ಒಂದಾದರೂ ಉಳಿದೀತು ಎಂಬ ಎಚ್ಚರ. ಅಲ್ಲಿನ ಪಾಳಿ ಗುರುಲಿಂಗಪ್ಪನವರದು. ಇಲ್ಲಿ ತೊಟ್ಟಿಗೆ ಸಿಹಿನೀರಿನ ಕ್ಯಾನು ಹೊತ್ತು ತರುವವರು ಮಹಾದೇವ. ಯಾರೂ ಹೇಳಿದ್ದಲ್ಲ, ಒಂದು ದಿನ ತಾವೇ ತಂದಿಟ್ಟರು. ಹೊಸ್ತಿಲ ಆಚೆಯೇ ಇಟ್ಟು, ಒಳಗೆ ಬರಲೇ ಎಂದು ಕೇಳಿ ಬರುತ್ತಾರೆ.

ಈಗ ತೊಟ್ಟಿಗೊಂದು ಫಲಕ ಬೇಕೆಂದಾಯಿತು, ಮತ್ತೆ ಯಾರೂ ತಿಕ್ಕಬಾರದಲ್ಲ. ಮಂಜುಷಾ ಬರೆದುಕೊಟ್ಟ ವೈಜ್ಞಾನಿಕ ಹೆಸರು ಫಲಕದ ಅಗಲ ಮೀರಿತು. ಕಚೇರಿಯವರು 'ಮುಟ್ಟಬಾರದು' ಎಂದು ಬರೆಸೋಣ ಎಂದರು. ಕೊನೆಗೆ ಮಂಜುಷಾ, ನೀವೇ ಹೇಳಿ ಎಂದು ಮಾನಮ್ಮನ ಕಡೆ ತಿರುಗಿದರು. ಅವರು ಹೇಳಿದ್ದೇ ಈಗ ಗಾಜಿನ ಮೇಲೆ ನೀಲಿ ಅಕ್ಷರದಲ್ಲಿದೆ: 'ಇಲ್ಲಿ ಕೆಲಸ ನಡೆಯುತ್ತಿದೆ'.

ಮೊನ್ನೆ ಕೋಟನೂರಿನ ಶಾಲೆಯ ಮಕ್ಕಳನ್ನು ಕರೆತಂದಿದ್ದ ಮಾಸ್ತರರೊಬ್ಬರು ಫಲಕ ಓದಿ, ಒಳಗಿನ ನಿಶ್ಚಲ ನೀರು ನೋಡಿ, ಗಡಿಯಾರ ನೋಡಿಕೊಂಡರು. "ಯಾವಾಗ ಮುಗೀತದ್ರೀ ಈ ಕೆಲಸ?"

ಮಾನಮ್ಮ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ನೀವು ಹೋಗಿ ಬರ್ರಿ ಸರ್. ಇವು ಮಾಡ್ತಿರ್ತಾವ."